ಬೀಗಕ್ಕೆ ಬಜೆಟ್ ಇದೆ, ಮಾತಾಡಿಸೋರಿಗೆ? ಅಮೆರಿಕದ ಶಾಲೆಗಳ ‘ಥ್ರೆಟ್ ಅಸೆಸ್‌ಮೆಂಟ್’ ಲೆಕ್ಕಾಚಾರ



ಇವತ್ತು ಎರಡು ಅಂಕಿಗಳಿಂದ ಶುರು ಮಾಡೋಣ. 14 ಕೋಟಿ ಮತ್ತು 80 ಲಕ್ಷ. ಎರಡೂ ಡಾಲರ್ ಲೆಕ್ಕ.

2023ರ ಮಾರ್ಚ್ 27ರಂದು ಅಮೆರಿಕದ ಟೆನ್ನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಕವೆನಂಟ್ ಸ್ಕೂಲ್ ಅನ್ನೋ ಖಾಸಗಿ ಶಾಲೆಯೊಳಗೆ ಗುಂಡಿನ ದಾಳಿ ನಡೆಯಿತು. 3 ಮಕ್ಕಳು, 3 ಸಿಬ್ಬಂದಿ ಸತ್ತರು. ಆ ವರ್ಷದ ಬಜೆಟ್‌ನಲ್ಲೇ ರಾಜ್ಯ ಸರ್ಕಾರ ಶಾಲಾ ಸುರಕ್ಷತೆಗೆ ಅಂತ ಸುಮಾರು 23 ಕೋಟಿ ಡಾಲರ್ ಎತ್ತಿಟ್ಟಿತು. ಅದರಲ್ಲಿ 14 ಕೋಟಿ, ಪ್ರತಿ ಸರ್ಕಾರಿ ಶಾಲೆಗೂ ಬಂದೂಕು ಇರೋ ಒಬ್ಬ ಪೊಲೀಸ್ ಅಧಿಕಾರಿಯನ್ನ ನೇಮಿಸೋಕೆ. ಇನ್ನೊಂದು 4 ಕೋಟಿ ಸರ್ಕಾರಿ ಶಾಲೆಗಳ ಕಟ್ಟಡದ ಭದ್ರತೆಗೆ. ಮಕ್ಕಳ ಮನಸ್ಸಿನ ವಿಷಯ ನೋಡ್ಕೊಳ್ಳೋಕೆ ಶಾಲೆಗಳ ಜತೆ ಕೆಲಸ ಮಾಡೋ ಹೆಚ್ಚುವರಿ ಸಿಬ್ಬಂದಿಗೆ ಸಿಕ್ಕಿದ್ದು 80 ಲಕ್ಷ.

ಹದಿನೇಳೂವರೆ ಪಟ್ಟು ವ್ಯತ್ಯಾಸ. ಪೊಲೀಸ್ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಗುಂಡು ಹಾರಿದ ಮೇಲೆ ಕೆಲಸಕ್ಕೆ ಬರೋ ಖರ್ಚು ಯಾವುದು, ಹಾರೋಕೆ ಮುಂಚೆ ಕೆಲಸಕ್ಕೆ ಬರೋ ಖರ್ಚು ಯಾವುದು ಅಂತ ಒಂದು ಸಲ ಲೆಡ್ಜರ್ ತೆಗೆದು ನೋಡಬೇಕು. ನಾನು ಓದಿರೋದು ಬಿ.ಕಾಂ. ಮನಃಶಾಸ್ತ್ರ ಅಲ್ಲ, ಕ್ರಿಮಿನಾಲಜಿನೂ ಅಲ್ಲ. ಹಾಗಾಗಿ ನನಗೆ ಗೊತ್ತಿರೋ ಕಡೆಯಿಂದಲೇ, ಅಂದ್ರೆ ದುಡ್ಡಿನ ಕಡೆಯಿಂದ, ಈ ವಿಷಯಕ್ಕೆ ಬರ್ತೀನಿ.

ಮೊದಲು ಹೆಸರು. ‘ಬಿಹೇವಿಯರಲ್ ಥ್ರೆಟ್ ಅಸೆಸ್‌ಮೆಂಟ್’. ಕೇಳಿದ್ರೆ ಏರ್‌ಪೋರ್ಟ್ ಸ್ಕ್ಯಾನರ್ ತರ ಅನ್ಸುತ್ತೆ. ಅಸಲಿಗೆ ಅದು ಐದಾರು ಜನ ಒಂದು ಟೇಬಲ್ ಸುತ್ತ ಕೂತು ಮಾತಾಡೋ ಕೆಲಸ. ಶಾಲೆಯ ಪ್ರಿನ್ಸಿಪಾಲ್ ಅಥವಾ ವೈಸ್ ಪ್ರಿನ್ಸಿಪಾಲ್, ಒಬ್ಬ ಕೌನ್ಸೆಲರ್, ಸಾಧ್ಯ ಆದ್ರೆ ಒಬ್ಬ ಮನಃಶಾಸ್ತ್ರಜ್ಞ, ಶಾಲೆಗೆ ಜೋಡಿಸಿರೋ ಪೊಲೀಸ್ ಅಧಿಕಾರಿ, ಆ ಹುಡುಗನನ್ನೋ ಹುಡುಗಿಯನ್ನೋ ಹತ್ತಿರದಿಂದ ಬಲ್ಲ ಟೀಚರ್. ಯಾರೋ ವಿದ್ಯಾರ್ಥಿ ‘ಎಲ್ಲರನ್ನೂ ಮುಗಿಸ್ತೀನಿ’ ಅಂದಿದ್ದಾನೆ, ಅಥವಾ ನೋಟ್‌ಬುಕ್‌ನಲ್ಲಿ ಏನೋ ಬರೆದಿದ್ದಾನೆ, ಅಥವಾ ಇದ್ದಕ್ಕಿದ್ದ ಹಾಗೆ ಎಲ್ಲರಿಂದ ದೂರ ಆಗಿ ಬಂದೂಕಿನ ವಿಡಿಯೊಗಳನ್ನೇ ನೋಡ್ತಾ ಕೂತಿದ್ದಾನೆ ಅಂತ ಸುದ್ದಿ ಬಂದಾಗ, ಈ ತಂಡ ವಿಚಾರಿಸುತ್ತೆ. ಅವನ ಹತ್ತಿರ ಮಾತಾಡುತ್ತೆ, ಅಪ್ಪ ಅಮ್ಮನ ಹತ್ತಿರ ಮಾತಾಡುತ್ತೆ, ಮನೇಲಿ ಬಂದೂಕು ಇದೆಯಾ ಅಂತ ಕೇಳುತ್ತೆ. ಆಮೇಲೆ ಒಂದು ಪ್ಲಾನ್ ಬರೆಯುತ್ತೆ. ಆ ಪ್ಲಾನ್ ನಡೀತಿದೆಯಾ ಅಂತ ತಿಂಗಳುಗಟ್ಟಲೆ ನೋಡ್ತಾ ಇರುತ್ತೆ. ಅಥವಾ, ನೋಡ್ತಾ ಇರಬೇಕು.

ಇದರ ಮೂಲ ಅಮೆರಿಕ ಅಧ್ಯಕ್ಷರನ್ನ ಕಾಯೋ ಸೀಕ್ರೆಟ್ ಸರ್ವಿಸ್. 1990ರ ದಶಕದಲ್ಲಿ ಆ ಸಂಸ್ಥೆಯವರು ಗಣ್ಯರ ಮೇಲೆ ದಾಳಿ ಮಾಡಿದ, ಅಥವಾ ಮಾಡೋಕೆ ಹತ್ತಿರ ಬಂದ 83 ಜನರ ಕಥೆಗಳನ್ನ ಅಧ್ಯಯನ ಮಾಡಿದರು. ‘ಹಂತಕ ಹೀಗಿರ್ತಾನೆ’ ಅನ್ನೋ ಚಹರೆ ಏನಾದ್ರೂ ಸಿಗುತ್ತಾ ಅಂತ ನೋಡಿದ್ರೆ, ಸಿಗಲಿಲ್ಲ. ಸಿಕ್ಕಿದ್ದು ನಡವಳಿಕೆಯ ಜಾಡು. ಯೋಚನೆ, ತಯಾರಿ, ಯಾರ ಹತ್ತಿರವೋ ಬಾಯಿ ಬಿಟ್ಟಿದ್ದು.

ಆಮೇಲೆ 1999ರ ಏಪ್ರಿಲ್ 20. ಕೊಲರಾಡೊದ ಕೊಲಂಬೈನ್ ಹೈಸ್ಕೂಲ್. ಅವತ್ತು 12 ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ ಸತ್ತರು. ಅದಾದ ಮೇಲೆ ಸೀಕ್ರೆಟ್ ಸರ್ವಿಸ್ ಮತ್ತು ಅಮೆರಿಕದ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನ ಒಂದೊಂದಾಗಿ ಬಿಡಿಸಿ ನೋಡಿದರು. 2002ರಲ್ಲಿ ವರದಿ ಬಂತು. ಅದರಲ್ಲಿ ನನ್ನನ್ನ ನಿಲ್ಲಿಸಿದ ಅಂಕಿ ಇದು: 81% ಪ್ರಕರಣಗಳಲ್ಲಿ, ದಾಳಿ ಮಾಡೋನು ಏನೋ ಯೋಚನೆ ಮಾಡ್ತಿದ್ದಾನೆ ಅಂತ ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿತ್ತು. ಹೆಚ್ಚಾಗಿ ಸ್ನೇಹಿತನಿಗೆ, ಕ್ಲಾಸ್‌ಮೇಟ್‌ಗೆ, ಅಣ್ಣನಿಗೋ ತಂಗಿಗೋ. ದೊಡ್ಡವರ ಕಿವಿಗೆ ಬಿದ್ದಿದ್ದು ಮಾತ್ರ ಅಪರೂಪ.

ಆ ವರದಿ ಇನ್ನೊಂದು ವಿಷಯ ಹೇಳಿತು, ಈ ಇಡೀ ಪದ್ಧತಿ ನಿಂತಿರೋದೇ ಅದರ ಮೇಲೆ. ಬೆದರಿಕೆ ಹಾಕೋದು ಬೇರೆ, ನಿಜವಾಗಿ ಅಪಾಯ ಆಗಿರೋದು ಬೇರೆ. ಬೆದರಿಕೆ ಹಾಕೋ ಮಕ್ಕಳಲ್ಲಿ ಬಹುಪಾಲು ಏನೂ ಮಾಡಲ್ಲ. ದಾಳಿ ಮಾಡಿದವರಲ್ಲಿ ಬಹುಪಾಲು ಮಂದಿ ಯಾರನ್ನ ಹೊಡೆಯೋಕೆ ಹೊರಟಿದ್ದರೋ ಅವರಿಗೆ ನೇರವಾಗಿ ಬೆದರಿಕೆ ಹಾಕಿರಲೇ ಇಲ್ಲ. ಹಾಗಾದ್ರೆ ಬಾಯಿಂದ ಬಂದ ಮಾತನ್ನ ಮಾತ್ರ ಹಿಡಿದು ಶಿಕ್ಷೆ ಕೊಟ್ಟರೆ, ಕೈಗೆ ಸಿಗೋರು ತಪ್ಪು ಮಕ್ಕಳು.

ವರ್ಜೀನಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಡ್ಯೂಯಿ ಕಾರ್ನೆಲ್ ಇದನ್ನೇ ಶಾಲೆಗಳಿಗೆ ಒಗ್ಗುವ ಹಾಗೆ ಒಂದು ಕೈಪಿಡಿಯಾಗಿ ಮಾಡಿದರು. ಕೋಪದಲ್ಲಿ ಬಂದು ಹೋಗೋ ಮಾತು ಯಾವುದು, ಹಿಂದೆ ಉದ್ದೇಶ ಇರೋ ಮಾತು ಯಾವುದು ಅಂತ ಬೇರ್ಪಡಿಸೋದು ಮೊದಲ ಹೆಜ್ಜೆ. ಅವರು 35 ಶಾಲೆಗಳಲ್ಲಿ 188 ಪ್ರಕರಣಗಳ ಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಸುಮಾರು 70% ಮೊದಲ ಜಾತಿಯವು. ಕೂರಿಸಿ ಮಾತಾಡಿ, ಕ್ಷಮೆ ಕೇಳಿಸಿ, ಅಲ್ಲೇ ಮುಗಿಸಬಹುದಾದವು. ಮುಂದೆ 40 ಶಾಲೆಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟ ಆಯಿತು. ಈ ಪದ್ಧತಿ ಇದ್ದ ಶಾಲೆಗಳಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಸಿಗೋದು, ಅಪ್ಪ ಅಮ್ಮನನ್ನ ಕರೆಸಿ ಮಾತಾಡೋದು ಜಾಸ್ತಿ. ದೀರ್ಘಕಾಲ ಸಸ್ಪೆಂಡ್ ಮಾಡೋದು, ಬೇರೆ ಶಾಲೆಗೆ ಎತ್ತಿ ಹಾಕೋದು ಕಡಿಮೆ.

ಇದರಿಂದ ಶೂಟಿಂಗ್ ನಿಲ್ಲುತ್ತಾ ಅಂತ ನೀವು ಕೇಳಬಹುದು. ಶಾಲಾ ಶೂಟಿಂಗ್ ಅನ್ನೋದು ಸುದ್ದಿಯಲ್ಲಿ ಎಷ್ಟೇ ಸಲ ಬಂದರೂ, ಒಂದೊಂದು ಶಾಲೆಯ ಲೆಕ್ಕದಲ್ಲಿ ತುಂಬ ಅಪರೂಪದ ಘಟನೆ. ಅಷ್ಟು ಅಪರೂಪದ್ದನ್ನ ಒಂದು ಪ್ರಯೋಗ ಇಟ್ಟು ‘ಕಡಿಮೆ ಆಯಿತು’ ಅಂತ ಸಾಬೀತು ಮಾಡೋದು ಕಷ್ಟ. ಆದರೆ 2021ರಲ್ಲಿ ಸೀಕ್ರೆಟ್ ಸರ್ವಿಸ್ ಇನ್ನೊಂದು ವರದಿ ತಂದಿತು. 2006ರಿಂದ 2018ರೊಳಗೆ ನಡೆಯೋಕೆ ಮೊದಲೇ ತಪ್ಪಿಹೋದ 67 ಸಂಚುಗಳ ಕಥೆ ಅದು. ಬಹಳಷ್ಟು ಸಲ ತಪ್ಪಿಸಿದ್ದು ಒಬ್ಬ ಸಹಪಾಠಿ ಬಂದು ದೊಡ್ಡವರಿಗೆ ಹೇಳಿದ್ದು. ಕ್ಯಾಮೆರಾನೂ ಅಲ್ಲ, ಮೆಟಲ್ ಡಿಟೆಕ್ಟರೂ ಅಲ್ಲ.

ಈಗ ದುಡ್ಡಿನ ಕಡೆ ಬರೋಣ.

ಅಮೆರಿಕದಲ್ಲಿ ಶಾಲೆ ನಡೆಸೋದು ಕೇಂದ್ರ ಸರ್ಕಾರ ಅಲ್ಲ. ದೇಶದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಮ್ಮ ಬಿಇಒ ಕಚೇರಿಗೆ ಸ್ವಂತ ಬಜೆಟ್, ಸ್ವಂತ ತೆರಿಗೆ, ಚುನಾಯಿತ ಮಂಡಳಿ ಎಲ್ಲ ಕೊಟ್ಟರೆ ಹೇಗಿರುತ್ತೋ ಹಾಗೆ. ದುಡ್ಡಿನಲ್ಲಿ ದೊಡ್ಡ ಪಾಲು ರಾಜ್ಯದ್ದು ಮತ್ತು ಊರಿನ ಆಸ್ತಿ ತೆರಿಗೆಯದ್ದು. ಕೇಂದ್ರದ ಪಾಲು ಸಾಮಾನ್ಯ ವರ್ಷಗಳಲ್ಲಿ ಹತ್ತನೇ ಒಂದು ಭಾಗದ ಆಸುಪಾಸು. ಶ್ರೀಮಂತ ಬಡಾವಣೆಯ ಡಿಸ್ಟ್ರಿಕ್ಟ್‌ಗೆ ಆಸ್ತಿ ತೆರಿಗೆ ಚೆನ್ನಾಗಿ ಬರುತ್ತೆ. ಕಾರ್ಖಾನೆ ಮುಚ್ಚಿದ ಊರಿಗೆ ಬರಲ್ಲ.

ಈ ತಂಡಗಳಿಗೆ ಕೇಂದ್ರದ ಹಣ ಬರೋ ಮುಖ್ಯ ದಾರಿ ‘ಸ್ಟಾಪ್ ಸ್ಕೂಲ್ ವಯಲೆನ್ಸ್ ಆಕ್ಟ್’. 2018ರ ಫೆಬ್ರುವರಿ 14ರಂದು ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ ಸತ್ತ ಮೇಲೆ, ಮಾರ್ಚ್‌ನಲ್ಲಿ ಪಾಸಾದ ಕಾನೂನು. ಮೊದಲ ವರ್ಷಕ್ಕೆ 7.5 ಕೋಟಿ ಡಾಲರ್, ಆಮೇಲೆ 2028ರವರೆಗೆ ವರ್ಷಕ್ಕೆ 10 ಕೋಟಿ ಡಾಲರ್‌ವರೆಗೆ ಕೊಡೋಕೆ ಅನುಮತಿ. ನ್ಯಾಯಾಂಗ ಇಲಾಖೆಯ ಎರಡು ಕಿಟಕಿಗಳಿಂದ ಈ ಹಣ ಹೋಗುತ್ತೆ. ಒಂದು ಕಿಟಕಿ ತರಬೇತಿ, ಹೆಸರು ಹೇಳದೆ ದೂರು ಕೊಡೋ ಆ್ಯಪ್, ಥ್ರೆಟ್ ಅಸೆಸ್‌ಮೆಂಟ್ ತಂಡ ಇಂಥವಕ್ಕೆ. ಇನ್ನೊಂದು ಬೀಗ, ದೀಪ, ಮೆಟಲ್ ಡಿಟೆಕ್ಟರ್ ಇಂಥವಕ್ಕೆ. ಬಂದೂಕು ಕೊಳ್ಳೋಕೆ ಮಾತ್ರ ಈ ಹಣ ಬಳಸುವಂತಿಲ್ಲ ಅಂತ ಕಾನೂನಲ್ಲೇ ಬರೆದಿದೆ.

2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, 2 ಶಿಕ್ಷಕಿಯರು ಸತ್ತ ಮೇಲೆ ಜೂನ್‌ನಲ್ಲಿ ಇನ್ನೊಂದು ಕಾನೂನು ಬಂತು, ಬೈಪಾರ್ಟಿಸನ್ ಸೇಫರ್ ಕಮ್ಯುನಿಟೀಸ್ ಆಕ್ಟ್. ಅದು ಸ್ಟಾಪ್ ಯೋಜನೆಗೆ ಐದು ವರ್ಷಕ್ಕೆ ಇನ್ನೂ 30 ಕೋಟಿ ಡಾಲರ್ ಸೇರಿಸಿತು. ಶಾಲೆಗಳಲ್ಲಿ ಮನಃಶಾಸ್ತ್ರಜ್ಞರನ್ನ, ಕೌನ್ಸೆಲರ್‌ಗಳನ್ನ ನೇಮಿಸೋಕೆ, ತರಬೇತಿ ಕೊಡೋಕೆ ಅಂತ ಬೇರೆಯಾಗಿ 100 ಕೋಟಿ ಡಾಲರ್ ಇಟ್ಟಿತು.

ದೊಡ್ಡ ಮೊತ್ತ ಅನ್ಸುತ್ತೆ ಅಲ್ವಾ? ಇದನ್ನ ಮಾರುಕಟ್ಟೆಯ ಪಕ್ಕ ಇಟ್ಟು ನೋಡಿ. ಅಮೆರಿಕದ ಶಾಲೆ ಕಾಲೇಜುಗಳು ಭದ್ರತಾ ಸಾಮಗ್ರಿ ಮತ್ತು ಸೇವೆಗಳಿಗೆ ಸುರಿಯೋ ಹಣ 2021ರಲ್ಲೇ ಸುಮಾರು 310 ಕೋಟಿ ಡಾಲರ್ ಅಂತ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಓಮ್ಡಿಯಾ ಅಂದಾಜು ಮಾಡಿತ್ತು.

ಯಾಕೆ ಹೀಗೆ? ನನ್ನ ಪ್ರಕಾರ ಉತ್ತರ ಫಸ್ಟ್ ಇಯರ್ ಬಿ.ಕಾಂ ಪಠ್ಯದಲ್ಲೇ ಇದೆ. ಕ್ಯಾಪಿಟಲ್ ಖರ್ಚು, ರೆವೆನ್ಯೂ ಖರ್ಚು. ಕ್ಯಾಮೆರಾ ಒಂದು ಸಲ ಕೊಳ್ತೀರಿ. ಫೋಟೊ ತೆಗೀಬಹುದು, ರಿಬ್ಬನ್ ಕತ್ತರಿಸಬಹುದು, ಅಪ್ಪ ಅಮ್ಮಂದಿರಿಗೆ ಗೇಟ್‌ನಲ್ಲೇ ಕಾಣ್ಸುತ್ತೆ. ಮಾರೋಕೆ ಒಂದು ಕಂಪನಿ ಇರುತ್ತೆ, ಅದಕ್ಕೆ ಸೇಲ್ಸ್ ಟೀಮ್ ಇರುತ್ತೆ. ಥ್ರೆಟ್ ಅಸೆಸ್‌ಮೆಂಟ್ ಅನ್ನೋದು ಸಂಬಳ. ಪ್ರತಿ ತಿಂಗಳು, ಪ್ರತಿ ವರ್ಷ, ಏನೂ ಆಗದೇ ಇದ್ದ ವರ್ಷವೂ. ಅದು ಚೆನ್ನಾಗಿ ಕೆಲಸ ಮಾಡಿದ್ರೆ ತೋರಿಸೋಕೆ ಏನೂ ಇರಲ್ಲ.

ಇಲ್ಲಿ ಒಂದು ವಿಚಿತ್ರ ನೋಡಿ. ಈ ಪದ್ಧತಿಯ ಜ್ಞಾನ ಬಹುತೇಕ ಪುಕ್ಕಟೆ. ಸೀಕ್ರೆಟ್ ಸರ್ವಿಸ್ 2018ರ ಜುಲೈನಲ್ಲಿ ಎಂಟು ಹೆಜ್ಜೆಗಳ ಕೈಪಿಡಿ ಹೊರತಂದಿದೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೋಬಹುದು. ಅವರ ತರಬೇತಿಗೆ ಫೀಸ್ ಇಲ್ಲ. ಅಂದ್ರೆ ಕಲಿಯೋ ಖರ್ಚು ಕಡಿಮೆ, ಕಲಿತಿದ್ದನ್ನ ಮಾಡೋ ಖರ್ಚು ಜಾಸ್ತಿ. ಆದರೆ ಗ್ರಾಂಟ್‌ಗಳ ಸ್ವಭಾವ ತಿರುಗುಮುರುಗು. ಮೂರು ವರ್ಷದ ಹಣ ತರಬೇತಿಗೆ, ಆ್ಯಪ್‌ಗೆ, ಶುರು ಮಾಡೋಕೆ ಸುಲಭವಾಗಿ ಸಿಗುತ್ತೆ. ನಾಲ್ಕನೇ ವರ್ಷ ಆ ಕುರ್ಚಿಯಲ್ಲಿ ಯಾರು ಕೂರ್ತಾರೆ ಅನ್ನೋದಕ್ಕೆ ಗ್ರಾಂಟ್‌ನಲ್ಲಿ ಕಾಲಂ ಇಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿ ಕಾಲ್ಪನಿಕ, ತರ್ಕ ನಿಜ. ಒಂದು ಸಣ್ಣ ಡಿಸ್ಟ್ರಿಕ್ಟ್, ನಾಲ್ಕು ಶಾಲೆ. ತಂಡಗಳನ್ನ ನೋಡ್ಕೊಳ್ಳೋಕೆ ಒಬ್ಬ ಕೋಆರ್ಡಿನೇಟರ್ ಬೇಕು. ಸಂಬಳ, ವಿಮೆ ಎಲ್ಲ ಸೇರಿ ವರ್ಷಕ್ಕೆ 1 ಲಕ್ಷ ಡಾಲರ್ ಅಂತಿಟ್ಕೊಳ್ಳಿ. ಸ್ಟಾಪ್ ಗ್ರಾಂಟ್‌ನಲ್ಲಿ ಕೇಂದ್ರ 75% ಕೊಡುತ್ತೆ, 25% ಡಿಸ್ಟ್ರಿಕ್ಟ್ ಹಾಕಬೇಕು. ನಮ್ಮಲ್ಲಿ ಕೇಂದ್ರ ರಾಜ್ಯ 60:40 ಅಂತೀವಲ್ಲ, ಅದೇ ಜಾತಿ. ಹಾಗಾಗಿ ಮೊದಲ ಮೂರು ವರ್ಷ ಊರಿನ ಜೇಬಿಂದ 25,000. ನಾಲ್ಕನೇ ವರ್ಷ ಗ್ರಾಂಟ್ ಮುಗೀತು, ಬಿಲ್ 1 ಲಕ್ಷ. ಒಂದೇ ರಾತ್ರಿಯಲ್ಲಿ ನಾಲ್ಕು ಪಟ್ಟು. ಆಸ್ತಿ ತೆರಿಗೆ ಅಷ್ಟೇ ಇದೆ. ಬಜೆಟ್ ಮೀಟಿಂಗ್‌ನಲ್ಲಿ ಒಬ್ಬ ಗಣಿತ ಟೀಚರ್ ಉಳಿಯಬೇಕಾ, ಈ ಕೋಆರ್ಡಿನೇಟರ್ ಉಳಿಯಬೇಕಾ ಅಂತ ಪ್ರಶ್ನೆ ಬಂದ್ರೆ ಯಾರು ಹೋಗ್ತಾರೆ ಅಂತ ನಿಮಗೇ ಗೊತ್ತು.

ಇನ್ನೂ ಬಡ ಡಿಸ್ಟ್ರಿಕ್ಟ್ ಆದ್ರೆ ಆ 25% ಹೊಂದಿಸೋಕೂ ಆಗಲ್ಲ. ಗ್ರಾಂಟ್‌ಗೆ ಅರ್ಜಿ ಬರೆಯೋದೇ ಒಂದು ವೃತ್ತಿ ಅಲ್ಲಿ. ದೊಡ್ಡ ಡಿಸ್ಟ್ರಿಕ್ಟ್‌ಗಳು ಅದಕ್ಕೇ ಜನ ಇಟ್ಕೊಂಡಿರ್ತಾವೆ. ಸೂಪರಿಂಟೆಂಡೆಂಟೇ ಸ್ಕೂಲ್ ಬಸ್ಸನ್ನೂ ಓಡಿಸೋ ಹಳ್ಳಿ ಕಡೆಯ ಡಿಸ್ಟ್ರಿಕ್ಟ್‌ನಲ್ಲಿ ಐವತ್ತು ಪುಟದ ಅರ್ಜಿ ಯಾರು ತುಂಬ್ತಾರೆ?

ಈ ಗ್ರಾಂಟ್ ಸ್ವಭಾವದ ಅಪಾಯ ಎಂಥದ್ದು ಅಂತ ಎರಡು ಸಲ ಒಟ್ಟೊಟ್ಟಿಗೇ ಕಾಣಿಸ್ತು. ಕೋವಿಡ್ ಕಾಲದಲ್ಲಿ ಕೇಂದ್ರ ಶಾಲೆಗಳಿಗೆ ಸುಮಾರು 19,000 ಕೋಟಿ ಡಾಲರ್ ಕೊಟ್ಟಿತ್ತು. ಎಷ್ಟೋ ಕಡೆ ಅದರಲ್ಲೇ ಕೌನ್ಸೆಲರ್‌ಗಳನ್ನ ತಗೊಂಡ್ರು. ಅದರ ಗಡುವು 2024ರ ಸೆಪ್ಟೆಂಬರ್‌ಗೆ ಮುಗೀತು. ಅದರ ಬೆನ್ನಿಗೇ 2025ರ ಏಪ್ರಿಲ್ ಕೊನೆಯಲ್ಲಿ, ಯುವಾಲ್ಡಿ ನಂತರದ ಕಾನೂನಿನ ಆ 100 ಕೋಟಿ ಡಾಲರ್‌ನ ಮಾನಸಿಕ ಆರೋಗ್ಯ ಗ್ರಾಂಟ್‌ಗಳನ್ನ ಮುಂದುವರಿಸಲ್ಲ ಅಂತ ಶಿಕ್ಷಣ ಇಲಾಖೆ ಹೇಳಿತು. 16 ರಾಜ್ಯಗಳು ಕೋರ್ಟ್ ಮೆಟ್ಟಿಲು ಹತ್ತಿದವು. ಕೇಸ್ ಯಾರ ಕಡೆ ಆದ್ರೂ ಆಗಲಿ, ನೀವೇ ಆ ಶಾಲೆಯ ಕೌನ್ಸೆಲರ್ ಅಂತ ಅಂದ್ಕೊಳ್ಳಿ. ಮುಂದಿನ ವರ್ಷ ಸಂಬಳ ಬರುತ್ತೋ ಇಲ್ಲವೋ ಗೊತ್ತಿಲ್ಲದೆ, ಒಬ್ಬ ಹುಡುಗನಿಗೆ ‘ನಾನಿದ್ದೀನಿ, ಪ್ರತಿ ವಾರ ಬಾ’ ಅಂತ ಹೇಗೆ ಹೇಳ್ತೀರಿ?

ಕೌನ್ಸೆಲರ್‌ಗಳ ಸಂಖ್ಯೆ ಮೊದಲೇ ಸಾಲದು. ಅಮೆರಿಕನ್ ಸ್ಕೂಲ್ ಕೌನ್ಸೆಲರ್ ಅಸೋಸಿಯೇಷನ್ ಹೇಳೋ ಪ್ರಕಾರ 250 ಮಕ್ಕಳಿಗೆ ಒಬ್ಬರು ಇರಬೇಕು. 2022–23ರಲ್ಲಿ ದೇಶದ ಸರಾಸರಿ 385 ಮಕ್ಕಳಿಗೆ ಒಬ್ಬರು. ಅದೇ ಜನರೇ ಕಾಲೇಜ್ ಅರ್ಜಿ, ಟೈಮ್‌ಟೇಬಲ್, ಪರೀಕ್ಷೆ ಎಲ್ಲ ನೋಡ್ಕೋಬೇಕು, ಮಧ್ಯೆ ಥ್ರೆಟ್ ಅಸೆಸ್‌ಮೆಂಟ್ ತಂಡದಲ್ಲೂ ಕೂರಬೇಕು.

ಇದರ ಇನ್ನೊಂದು ಬದಿ ಏನಂದ್ರೆ, ಕಾಗದದ ಮೇಲೆ ಈ ತಂಡಗಳು ಎಲ್ಲ ಕಡೆ ಇವೆ. ಸರ್ಕಾರದ ಸಮೀಕ್ಷೆ ಪ್ರಕಾರ 2023–24ರಲ್ಲಿ 85% ಸರ್ಕಾರಿ ಶಾಲೆಗಳು ‘ನಮ್ಮಲ್ಲಿ ತಂಡ ಇದೆ’ ಅಂದವು. 2015–16ರಲ್ಲಿ ಈ ಸಂಖ್ಯೆ 42% ಇತ್ತು. ವರ್ಜೀನಿಯಾ 2013ರಲ್ಲಿ, ಎಲ್ಲ ರಾಜ್ಯಗಳಿಗಿಂತ ಮೊದಲು, ಸರ್ಕಾರಿ ಶಾಲೆಗಳಲ್ಲಿ ಇದನ್ನ ಕಡ್ಡಾಯ ಮಾಡಿತು. ಆಮೇಲೆ ಫ್ಲೋರಿಡಾ, ಟೆಕ್ಸಸ್, ಹೀಗೆ ಸಾಲು. ಕಡ್ಡಾಯ ಮಾಡೋಕೆ ಶಾಸಕರಿಗೆ ಖರ್ಚಿಲ್ಲ ನೋಡಿ.

ತಂಡ ಇದೆ ಅನ್ನೋದಕ್ಕೂ ತಂಡ ಕೆಲಸ ಮಾಡುತ್ತೆ ಅನ್ನೋದಕ್ಕೂ ಎಷ್ಟು ದೂರ ಅಂತ ಪಾರ್ಕ್‌ಲ್ಯಾಂಡ್ ಹೇಳುತ್ತೆ. ಅಲ್ಲಿ ಗುಂಡು ಹಾರಿಸಿದವನ ಮೇಲೆ 2016ರಲ್ಲೇ ಥ್ರೆಟ್ ಅಸೆಸ್‌ಮೆಂಟ್ ನಡೆದಿತ್ತು! ಅವನು ಅದೇ ಶಾಲೆಯ ವಿದ್ಯಾರ್ಥಿ ಆಗಿದ್ದಾಗ. ಘಟನೆ ನಂತರ ರಾಜ್ಯ ನೇಮಿಸಿದ ಆಯೋಗ 2019ರ ಜನವರಿಯಲ್ಲಿ ವರದಿ ಕೊಟ್ಟಾಗ ಗೊತ್ತಾಗಿದ್ದು: ಅದನ್ನ ನಡೆಸಿದವರಿಗೆ ಅನುಭವ ಸಾಲದು, ಪ್ರಿನ್ಸಿಪಾಲ್‌ಗೆ ಇಂಥದ್ದೊಂದು ನಡೆದಿದೆ ಅಂತಲೇ ಗೊತ್ತಿರಲಿಲ್ಲ. ಮುಂದೆ ಹುಡುಗ ಆ ಶಾಲೆ ಬಿಟ್ಟ. ಫೈಲ್ ಅಲ್ಲೇ ಉಳೀತು. ಒಂದು ವರ್ಷದ ನಂತರ ಅವನು ವಾಪಸ್ ಬಂದಿದ್ದು ವಿದ್ಯಾರ್ಥಿಯಾಗಿ ಅಲ್ಲ.

ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲ್ ಇನ್ನೂ ಕಷ್ಟದ ಕಥೆ. 2021ರ ನವೆಂಬರ್ 30. ಬೆಳಿಗ್ಗೆ ಒಬ್ಬ ಟೀಚರ್, ವಿದ್ಯಾರ್ಥಿಯೊಬ್ಬನ ಗಣಿತದ ಹಾಳೆಯಲ್ಲಿ ಬಂದೂಕಿನ ಚಿತ್ರ, ರಕ್ತದ ಚಿತ್ರ, ಸಹಾಯ ಕೇಳೋ ಸಾಲು ನೋಡಿದರು. ಟೀಚರ್ ಮಾಡಬೇಕಾದ್ದನ್ನ ಮಾಡಿದರು, ಮೇಲಿನವರಿಗೆ ತಿಳಿಸಿದರು. ಕೌನ್ಸೆಲರ್ ಅವನನ್ನ ಕರೆಸಿದರು. ಅಪ್ಪ ಅಮ್ಮನೂ ಬಂದರು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದರು. ಅವನ ಬ್ಯಾಗ್ ಯಾರೂ ತೆಗೆದು ನೋಡಲಿಲ್ಲ. ಮನೆಗೆ ಕರ್ಕೊಂಡು ಹೋಗಲಿಲ್ಲ. ಕ್ಲಾಸಿಗೆ ವಾಪಸ್ ಕಳಿಸಿದರು. ಅದೇ ಮಧ್ಯಾಹ್ನ ನಾಲ್ವರು ವಿದ್ಯಾರ್ಥಿಗಳು ಸತ್ತರು. 2023ರಲ್ಲಿ ಬಂದ ಸ್ವತಂತ್ರ ತನಿಖಾ ವರದಿ ಪ್ರಕಾರ, ಥ್ರೆಟ್ ಅಸೆಸ್‌ಮೆಂಟ್ ಮಾಡಬೇಕು ಅನ್ನೋ ನಿಯಮ ಡಿಸ್ಟ್ರಿಕ್ಟ್‌ನಲ್ಲಿ ಇತ್ತು, ಅವತ್ತು ಅದನ್ನ ಮಾಡಲಿಲ್ಲ. ಹುಡುಗನ ಅಪ್ಪ ಅಮ್ಮನಿಗೆ 2024ರಲ್ಲಿ ತಲಾ 10ರಿಂದ 15 ವರ್ಷ ಜೈಲಾಯಿತು. ಮಗ ಮಾಡಿದ ಶಾಲಾ ಶೂಟಿಂಗ್‌ಗೆ ಹೆತ್ತವರು ನರಹತ್ಯೆಯ ಅಪರಾಧಿಗಳಾಗಿದ್ದು ಆ ದೇಶದಲ್ಲಿ ಅದೇ ಮೊದಲು.

ನಿಯಮಕ್ಕೆ ತರಬೇತಿ ಬೇಕು, ತರಬೇತಿಗೆ ಮರು ತರಬೇತಿ ಬೇಕು. ಟೀಚರ್‌ಗಳು ಬದಲಾಗ್ತಾರೆ, ಪ್ರಿನ್ಸಿಪಾಲ್ ವರ್ಗ ಆಗ್ತಾರೆ. ಮೂರು ವರ್ಷದ ಗ್ರಾಂಟ್‌ನಲ್ಲಿ ಟ್ರೇನ್ ಆದ ತಂಡದಲ್ಲಿ ಐದನೇ ವರ್ಷಕ್ಕೆ ಎಷ್ಟು ಜನ ಉಳೀತಾರೆ?

ಫ್ಲೋರಿಡಾ ಇದರಿಂದ ಒಂದು ಪಾಠ ಕಲಿತ ಹಾಗೆ ಕಾಣ್ಸುತ್ತೆ. ಆ ರಾಜ್ಯದ ರಾಜಕೀಯ ನನಗೆ ಇಷ್ಟವೋ ಇಲ್ಲವೋ ಅದು ಬೇರೆ ಮಾತು, ಬಜೆಟ್ ಬರೆದ ರೀತಿ ಮಾತ್ರ ಗಮನಿಸಬೇಕಾದ್ದು. ಪಾರ್ಕ್‌ಲ್ಯಾಂಡ್ ನಂತರ ಶಾಲಾ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಅಂತ ಒಂದು ಬಾಬ್ತು ತೆರೆದರು. ಮೊದಲ ವರ್ಷ 6.9 ಕೋಟಿ ಡಾಲರ್. ಅದನ್ನ ಗ್ರಾಂಟ್ ಮಾಡಲಿಲ್ಲ, ರಾಜ್ಯ ಪ್ರತಿ ವರ್ಷ ಶಾಲೆಗಳಿಗೆ ಹಣ ಹಂಚೋ ಸೂತ್ರದ ಒಳಗೇ ಸೇರಿಸಿದರು. ಹಾಗಾಗಿ ಡಿಸ್ಟ್ರಿಕ್ಟ್ ಅರ್ಜಿ ಹಾಕಿ ಸ್ಪರ್ಧೆ ಮಾಡಬೇಕಿಲ್ಲ, ಮುಂದಿನ ವರ್ಷವೂ ಬರುತ್ತೆ ಅಂತ ನಂಬಿ ಜನ ತಗೋಬಹುದು. 2023–24ಕ್ಕೆ ಅದು 16 ಕೋಟಿ ಡಾಲರ್ ಆಗಿತ್ತು. 2024ರ ಜನವರಿಯಿಂದ ಇಡೀ ರಾಜ್ಯಕ್ಕೆ ಒಂದೇ ಮಾದರಿಯ ಥ್ರೆಟ್ ಅಸೆಸ್‌ಮೆಂಟ್ ತಂದರು.

ಟೆಕ್ಸಸ್ ಇದಕ್ಕೆ ಉಲ್ಟಾ. 2023ರ ಕಾನೂನಿನಲ್ಲಿ ಪ್ರತಿ ಕ್ಯಾಂಪಸ್‌ಗೂ ಶಸ್ತ್ರ ಹಿಡಿದ ಅಧಿಕಾರಿ ಕಡ್ಡಾಯ ಅಂದರು. ಕೊಟ್ಟಿದ್ದು ಕ್ಯಾಂಪಸ್‌ಗೆ 15,000 ಡಾಲರ್, ಜತೆಗೆ ವಿದ್ಯಾರ್ಥಿಗೆ 10 ಡಾಲರ್. ಅಷ್ಟರಲ್ಲಿ ಅಮೆರಿಕದಲ್ಲಿ ಪೊಲೀಸ್ ಅಧಿಕಾರಿಯ ವರ್ಷದ ಸಂಬಳ ಆಗಲ್ಲ. ಮಿಕ್ಕಿದ್ದು ಡಿಸ್ಟ್ರಿಕ್ಟ್‌ನ ಬೇರೆ ಬಾಬ್ತುಗಳಿಂದ ಹೋಗುತ್ತೆ. ಯಾವ ಬಾಬ್ತು ಅಂತ ಊಹಿಸಿ.

ಈಗ ದುಡ್ಡೇ ಬೇಡದ ಒಂದು ದಾರಿ ಇದೆ. ಹೊರಗೆ ಹಾಕೋದು. ಟೆನ್ನೆಸ್ಸಿಯಲ್ಲಿ 2023ರಲ್ಲಿ, ಸಾಮೂಹಿಕ ಹಿಂಸೆಯ ಬೆದರಿಕೆ ಹಾಕಿದ ವಿದ್ಯಾರ್ಥಿಯನ್ನ ಒಂದು ವರ್ಷ ಹೊರಗಿಡಬೇಕು ಅಂತ ಕಾನೂನು ಬಂತು. 2024ರಲ್ಲಿ ಅಂಥ ಬೆದರಿಕೆಯನ್ನ ಫೆಲನಿ, ಅಂದ್ರೆ ಗಂಭೀರ ಅಪರಾಧ ಮಾಡಿದರು. ಗಂಭೀರ ಅಲ್ಲದ ಮಾತಿಗೂ ಮಕ್ಕಳನ್ನ ಅರೆಸ್ಟ್ ಮಾಡಿದ್ದನ್ನ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ ವರದಿ ಮಾಡಿತು. ಬಜೆಟ್ ಹಾಳೆಯಲ್ಲಿ ಹೊರಗೆ ಹಾಕೋದರ ಖರ್ಚು ಸೊನ್ನೆ. ಆದರೆ ಆ 81% ನೆನಪಿದೆಯಾ? ಮೊದಲು ಗೊತ್ತಾಗೋದು ಸ್ನೇಹಿತನಿಗೆ. ‘ನಾನು ಹೇಳಿದ್ರೆ ಅವನಿಗೆ ಸಹಾಯ ಸಿಗುತ್ತೆ’ ಅಂತಿದ್ರೆ ಅವನು ಹೇಳ್ತಾನೆ. ‘ನಾನು ಹೇಳಿದ್ರೆ ಅವನಿಗೆ ಕೈಕೋಳ’ ಅಂತಿದ್ರೆ? ನೀವು ಹೈಸ್ಕೂಲ್‌ನಲ್ಲಿ ಇದ್ದಾಗ ಹೇಳ್ತಿದ್ರಾ?

ಹೊರಗೆ ಹಾಕಿದ ಹುಡುಗ ಆ ಶಾಲೆಯ ಹಾಜರಿ ಪುಸ್ತಕದಿಂದ ಹೋಗ್ತಾನೆ ಅಷ್ಟೇ. ಊರಲ್ಲೇ ಇರ್ತಾನೆ, ಮನೇಲಿ ಒಬ್ಬನೇ ಇರ್ತಾನೆ, ಇಡೀ ದಿನ ಫೋನ್ ಜತೆ.

ಈ ತಂಡಗಳ ಬಗ್ಗೆ ಇರೋ ಟೀಕೆಯನ್ನೂ ಹೇಳಲೇಬೇಕು, ಏಕೆಂದರೆ ಅದು ಸಣ್ಣದಲ್ಲ. ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ನಗರದ ಶಾಲೆಗಳ ದಾಖಲೆಗಳನ್ನ 2019ರಲ್ಲಿ ಸರ್ಚ್‌ಲೈಟ್ ನ್ಯೂ ಮೆಕ್ಸಿಕೊ ಅನ್ನೋ ಸುದ್ದಿಸಂಸ್ಥೆ ತೆಗೆದು ನೋಡಿತು. ವಿಶೇಷ ಶಿಕ್ಷಣ ಪಡೆಯೋ ಮಕ್ಕಳು ಒಟ್ಟು ವಿದ್ಯಾರ್ಥಿಗಳಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ. ಥ್ರೆಟ್ ಅಸೆಸ್‌ಮೆಂಟ್ ಆದವರಲ್ಲಿ ಅವರದ್ದು ಅರ್ಧಕ್ಕಿಂತ ಜಾಸ್ತಿ. ಆಟಿಸಂ ಇರೋ ಮಗು ಸಿಟ್ಟಲ್ಲಿ ಏನೋ ಅಂದ್ರೆ ಅದೂ ‘ಥ್ರೆಟ್’ ಫೈಲ್ ಆಗುತ್ತೆ. ಕಪ್ಪು ಮಕ್ಕಳ ಪಾಲೂ ಹಾಗೇ, ಅವರ ಸಂಖ್ಯೆಗಿಂತ ಜಾಸ್ತಿ. ಇದಕ್ಕೂ ನಾನು ದುಡ್ಡಿನ ಕಡೆಯಿಂದಲೇ ಉತ್ತರ ಕೊಡ್ತೀನಿ: ಟೈಮ್ ಇಲ್ಲದ, ತರಬೇತಿ ಇಲ್ಲದ ತಂಡ ತನಗೆ ಈಗಾಗಲೇ ಯಾರ ಮೇಲೆ ಅನುಮಾನ ಇದೆಯೋ ಅವರನ್ನೇ ಕರೆಸುತ್ತೆ. ಅರೆಬರೆ ದುಡ್ಡಲ್ಲಿ ನಡೆಸೋ ಯೋಜನೆ ಅರ್ಧ ಒಳ್ಳೇದು ಮಾಡುತ್ತೆ ಅಂತೇನಿಲ್ಲ, ಕೆಲವೊಮ್ಮೆ ಕೆಟ್ಟದ್ದೇ ಮಾಡುತ್ತೆ.

ಹೋದ ತಿಂಗಳು ಅಮೆರಿಕದಲ್ಲಿರೋ ನಮ್ಮ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಈ ಎಪಿಸೋಡ್ ಮಾಡೋಕೆ ಅದೇ ಕಾರಣ. ಏಳನೇ ಕ್ಲಾಸಿನ ಮಗ ಗೇಮ್ ಚಾಟ್‌ನಲ್ಲಿ ಸ್ನೇಹಿತನಿಗೆ ಏನೋ ಬರೆದಿದ್ದಾನೆ, ಯಾರೋ ಸ್ಕ್ರೀನ್‌ಶಾಟ್ ಕೊಟ್ಟಿದ್ದಾರೆ, ಶಾಲೆಯಿಂದ ಥ್ರೆಟ್ ಅಸೆಸ್‌ಮೆಂಟ್ ಮೀಟಿಂಗ್‌ಗೆ ಬನ್ನಿ ಅಂತ ಇಮೇಲ್. ‘ವೀಸಾಗೆ ತೊಂದ್ರೆ ಆಗುತ್ತಾ, ಪೊಲೀಸ್ ಕೇಸಾ, ಮನೆಯವರು ಊಟ ಬಿಟ್ಟಿದ್ದಾರೆ’ ಅಂತ ಕೇಳಿದ್ರು.

ಕಾನೂನು ಸಲಹೆ ಕೊಡೋ ಅರ್ಹತೆ ನನಗಿಲ್ಲ, ಅದಕ್ಕೆ ಅಲ್ಲಿನ ವಕೀಲರೇ ಬೇಕು. ಈ ಪದ್ಧತಿ ಹೇಗಿರಬೇಕು ಅನ್ನೋದರಿಂದ ಇಷ್ಟು ಹೇಳಬಹುದು. ಅದು ಶಿಕ್ಷೆಯ ವಿಚಾರಣೆ ಅಲ್ಲ. ಮೀಟಿಂಗ್ ತಪ್ಪಿಸಬೇಡಿ. ಯಾವ ಮಾದರಿ ಬಳಸ್ತಿದ್ದೀರಿ, ತಂಡದಲ್ಲಿ ಯಾರಿದ್ದಾರೆ, ಅವರಿಗೆ ತರಬೇತಿ ಆಗಿದೆಯಾ, ಕೊನೆಗೆ ಏನು ತೀರ್ಮಾನ ಆಯಿತು, ಆ ದಾಖಲೆ ಎಷ್ಟು ವರ್ಷ ಇಡ್ತೀರಿ, ಅದನ್ನ ಯಾರು ನೋಡಬಹುದು ಅಂತ ಕೇಳಿ. ಮಗನ ಶೈಕ್ಷಣಿಕ ದಾಖಲೆ ನೋಡೋ ಹಕ್ಕು ಅಲ್ಲಿನ ಫೆರ್ಪಾ ಕಾನೂನಿನಲ್ಲಿ ಹೆತ್ತವರಿಗೆ ಇದೆ. ಮತ್ತೆ, ದಯವಿಟ್ಟು, ಮಗನಿಗೆ ಬೈದು ಸುಮ್ಮನಾಗಬೇಡಿ. ಅವನು ಯಾಕೆ ಹಾಗೆ ಬರೆದ ಅಂತ ಒಮ್ಮೆ ಕೂತು ಕೇಳಿ. ಈ ತಂಡಗಳ ಮುಂದೆ ಬರೋ ಮಕ್ಕಳಲ್ಲಿ ಎಷ್ಟೋ ಜನ ಬೇರೆಯವರಿಗಿಂತ ತಮಗೇ ಅಪಾಯ ಮಾಡ್ಕೊಳ್ಳೋ ಹಂತದಲ್ಲಿ ಇರ್ತಾರೆ. ಕೊಲರಾಡೊದ ‘ಸೇಫ್2ಟೆಲ್’ ಅನ್ನೋ ಅನಾಮಧೇಯ ದೂರು ವ್ಯವಸ್ಥೆಗೆ ಬರೋ ಮಾಹಿತಿಯಲ್ಲಿ ಆತ್ಮಹತ್ಯೆಯ ಆತಂಕದ್ದು ವರ್ಷ ವರ್ಷವೂ ಮುಂಚೂಣಿಯಲ್ಲಿರುತ್ತೆ. ಕೇಳ್ತಿರೋ ನಿಮ್ಮಲ್ಲೇ ಯಾರಿಗಾದ್ರೂ ಹಾಗನ್ಸಿದ್ರೆ, ಇಂಡಿಯಾದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988. ಎರಡೂ ದಿನದ 24 ಗಂಟೆ.

ಇನ್ನೊಂದು ವಿಷಯ, ಅಲ್ಲಿರೋ ಕನ್ನಡದವರಿಗೆ. ಡಲ್ಲಾಸ್ ಪಕ್ಕದ ಫ್ರಿಸ್ಕೊದಲ್ಲೋ, ಬೇ ಏರಿಯಾದಲ್ಲೋ, ವರ್ಜೀನಿಯಾದ ಆ್ಯಶ್‌ಬರ್ನ್‌ನಲ್ಲೋ ನೀವಿದ್ರೆ, ಎಚ್‌1ಬಿ ವೀಸಾ ಇದ್ರೂ ಆಸ್ತಿ ತೆರಿಗೆ ಕಟ್ತಿದ್ದೀರಿ. ಬಾಡಿಗೆ ಮನೆ ಆದ್ರೆ ಬಾಡಿಗೆ ಮೂಲಕ ಕಟ್ತಿದ್ದೀರಿ. ಓಟು ಇಲ್ಲದೇ ಇರಬಹುದು, ಸ್ಕೂಲ್ ಬೋರ್ಡ್ ಮೀಟಿಂಗ್‌ಗಳು ಸಾರ್ವಜನಿಕರಿಗೆ ತೆರೆದಿರ್ತಾವೆ, ಸಾಮಾನ್ಯವಾಗಿ ಎರಡು ಮೂರು ನಿಮಿಷ ಮಾತಾಡೋಕೆ ಬಿಡ್ತಾರೆ. ಬಜೆಟ್ ಸೀಸನ್‌ನಲ್ಲಿ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ಥ್ರೆಟ್ ಅಸೆಸ್‌ಮೆಂಟ್ ತಂಡದಲ್ಲಿರೋರ ಸಂಬಳ ಯಾವ ಬಾಬ್ತಿಂದ ಬರುತ್ತೆ, ಆ ಬಾಬ್ತು ಯಾವ ತಾರೀಖಿಗೆ ಮುಗಿಯುತ್ತೆ? ಉತ್ತರ ‘ಗ್ರಾಂಟ್’ ಅಂತ ಬಂದ್ರೆ, ಮುಗಿದ ಮೇಲೆ ಏನು ಅಂತ ಮುಂದಿನ ತಿಂಗಳು ಮತ್ತೆ ಹೋಗಿ ಕೇಳಿ.

ಇಲ್ಲಿನವರು ‘ಬೆಂಗಳೂರಿನ ಶಾಲೆಗಳಿಗೂ ಬಾಂಬ್ ಬೆದರಿಕೆ ಇಮೇಲ್ ಬಂದಿತ್ತಲ್ಲ’ ಅಂತ ಕೇಳಬಹುದು. 2023ರ ಡಿಸೆಂಬರ್ 1ರಂದು ಹತ್ತಾರು ಶಾಲೆಗಳಿಗೆ ಬಂದಿತ್ತು, ಹುಸಿ ಅಂತ ಗೊತ್ತಾಯಿತು. ಅದು ಪೊಲೀಸ್ ಮತ್ತು ಬಾಂಬ್ ಸ್ಕ್ವಾಡ್ ಕೆಲಸ. ಇವತ್ತು ನಾವು ಮಾತಾಡಿದ್ದು ಕ್ಲಾಸಿನೊಳಗೇ, ಮೂರನೇ ಬೆಂಚಲ್ಲಿ ಕೂತಿರೋ ಹುಡುಗನ ಬಗ್ಗೆ. ಎರಡನ್ನ ಕಲಸಬೇಡಿ.

ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದೊಳಗೆ ಇರಲಿ ಪ್ಲೀಸ್. ಮುಂದಿನ ವಾರ ಇನ್ನೊಂದು ಲೆಕ್ಕ: ಶಾಲಾ ಬಸ್ ಫೀಸ್ ಪ್ರತಿ ವರ್ಷ ಯಾಕೆ ಏರುತ್ತೆ. ಸಿಗೋಣ.